ಒಂದಕ್ಷರ ತಪ್ಪಿದರೆ ಯಾರನ್ನು ನಂಬುವುದು?

ಪ್ರಶ್ನೆ: ರೋಗನಿರೋಧಕ ಕೋಶಗಳ ಗ್ರಾಹಕಗಳ ಜೀನ್ ಓದುವಾಗ ಒಂದಕ್ಷರ ಬೇರೆ ಬಂದರೆ, ಅದು ನಿಜವೋ ಯಂತ್ರದ ತಪ್ಪೋ?

ಉತ್ತರ: ಸವೆದ ಶಾಸನವನ್ನು ಓದುವ ಹೋಲಿಕೆಯಿಂದ ಶುರುಮಾಡೋಣ. ಮೊಳಕಾಲ್ಮೂರು ಸೀಮೆಯ ಜಟಿಂಗ ರಾಮೇಶ್ವರ ಬೆಟ್ಟದಲ್ಲಿ ಅಶೋಕನ ಶಾಸನವಿರುವ ಬಂಡೆಗೆ ಬಳೆಗಾರ ಗುಂಡು ಎನ್ನುತ್ತಾರೆ. ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹರಡುತ್ತಿದ್ದುದು ಅದರ ಮೇಲೆಯೇ! ಅಕ್ಷರಗಳು ತುಂಬಾ ಸವೆದಿವೆ. ಆದರೂ ಓದಲಾಯಿತು, ಶಾಸನತಜ್ಞ ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದ ಬ್ರಹ್ಮಗಿರಿ, ಸಿದ್ದಾಪುರದ ಶಾಸನಗಳಲ್ಲೂ ಇದೇ ಪಾಠವಿತ್ತಲ್ಲ.

ಲ್ಯಾಬಿನಲ್ಲೂ ಹೀಗೇ, ಹಲವು ಪ್ರತಿಗಳನ್ನು ಹೋಲಿಸುತ್ತಾರೆ. ಪಿಸಿಆರ್ ವಿಧಾನದಲ್ಲಿ ಜೀನಿನ ಪ್ರತಿ ತೆಗೆಯುವಾಗ ತಪ್ಪುಗಳು ನುಸುಳುತ್ತವೆ. ಅದಕ್ಕೆ ಮೊದಲೇ ಪ್ರತಿ ಅಣುವಿಗೂ ಯುಎಂಐ ಎಂಬ ಗುರುತುಪಟ್ಟಿ ಅಂಟಿಸುತ್ತಾರೆ. ಒಂದೇ ಗುರುತಿನ ಪ್ರತಿಗಳನ್ನು ಹೋಲಿಸಿ, ಹೆಚ್ಚಿನವು ಹೇಳುವ ಅಕ್ಷರವನ್ನು ಒಪ್ಪುತ್ತಾರೆ. ಆರ್‌ಎನ್‌ಎಯನ್ನು ಡಿಎನ್‌ಎ ಮಾಡುವ ಮೊದಲ ಹೆಜ್ಜೆಯಲ್ಲೇ ತಪ್ಪಿದರೆ ಮಾತ್ರ ಎಲ್ಲ ಪ್ರತಿಗಳೂ ಒಕ್ಕೊರಲಿನಿಂದ ಸುಳ್ಳು ಹೇಳುತ್ತವೆ. ಬಿ ಕೋಶಗಳೆಂಬ ರೋಗನಿರೋಧಕ ಕೋಶಗಳಲ್ಲಂತೂ ಇನ್ನೂ ಫಜೀತಿ: ಅವು ಸೋಂಕಿನೊಡನೆ ಸೆಣಸುತ್ತ ತಮ್ಮ ಗ್ರಾಹಕದ ಜೀನನ್ನು ತಾವೇ ತಿದ್ದಿಕೊಳ್ಳುತ್ತವೆ, ಹಾಗಾಗಿ ಬೇರೆ ಬಂದ ಅಕ್ಷರ ನಿಜವೂ ಆಗಿರಬಹುದು.

ಇಂಥ ಓದಿನ ದತ್ತಾಂಶಕ್ಕೆ ಮಾನದಂಡವೂ ಇದೆ. ಈ ಗ್ರಾಹಕಗಳನ್ನು ಅಧ್ಯಯನ ಮಾಡುವ ಸಂಶೋಧಕರ ಬಳಗ ಎಐಆರ್‌ಆರ್ ಕಮ್ಯುನಿಟಿ 2017ರಲ್ಲಿ ಪ್ರಕಟಿಸಿದ 'ಮಿ-ಎಐಆರ್‌ಆರ್' ಪಾಸು-ಫೇಲು ಹೇಳುವುದಿಲ್ಲ. ಮಾದರಿ ಎಲ್ಲಿಯದು, ಕೋಶಗಳನ್ನು ಹೇಗೆ ಬೇರ್ಪಡಿಸಿದಿರಿ, ಯಾವ ಸಾಫ್ಟ್‌ವೇರ್‌, ಅದರ ಯಾವ ಆವೃತ್ತಿ, ಇವನ್ನೆಲ್ಲ ದಾಖಲಿಸಿ ಎನ್ನುತ್ತದೆ, ಅಷ್ಟೆ. ನನಗೇನೋ ಅಂಕ ಕೊಡುವುದಕ್ಕಿಂತ ಇದೇ ಮೇಲು ಅನಿಸುತ್ತದೆ: ಅನುಮಾನ ಬಂದವರು ಮೂಲ ದತ್ತಾಂಶ ತೆಗೆದು ಮತ್ತೆ ಲೆಕ್ಕ ಹಾಕಬಹುದು.