ಜೋಳದ ಎಲೆಯಲ್ಲಿ ನೀರು ಒಡೆಯುವ ಹೊತ್ತು

ಸಂಕ್ರಾಂತಿಯ ಆಸುಪಾಸಿನಲ್ಲಿ ಜತ್ತ ತಾಲ್ಲೂಕಿನ ತಿಕೋಂಡಿಯ ಕಡೆ ಬಂದರೆ, ಬೆಳಗಿನ ಚಳಿ ಇನ್ನೂ ಬಿಟ್ಟಿರದ ಹೊತ್ತಿಗೇ ಹೊಲದ ಬದುವಿನಲ್ಲಿ ಕುಳ್ಳಿನ ಹೊಗೆ ಏಳುತ್ತಿರುತ್ತದೆ. ಕೆಂಡದಲ್ಲಿ ಸುಟ್ಟ ಹಸಿ ತೆನೆಯನ್ನು ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಬಿಸಿ ಬಿಸಿ ಕಾಳನ್ನು ಶೇಂಗಾ ಚಟ್ನಿಯ ಜೊತೆ ಮುಂದಿಡುತ್ತಾರೆ. “ಸೀತನಿ ತಿನ್ರಿ ಅಣ್ಣಾರ, ಆರಿದ್ರ ರುಚಿ ಹೋಗ್ತೈತಿ” ಎನ್ನುತ್ತಾಳೆ ಹೊಲದವಳು. ಅತ್ತ ಹಕ್ಕಿ ಓಡಿಸುವವರ ಕೂಗು, ಇತ್ತ ಗಾಳಿಗೆ ಎಲೆಗಳ ಸರಸರ. ಕಾಲಡಿಯ ಎರೆಮಣ್ಣು ಆಗಲೇ ಬಿರುಕು ಬಿಟ್ಟಿದೆ. “ಮಳಿ ಹೋಗಿ ಭಾಳ ದಿನ ಆತ್ರಿ. ಇಬ್ಬನಿ ಮ್ಯಾಲ ಬೆಳದೈತಿ.”

ಇಬ್ಬನಿಗಿಂತ ಹೆಚ್ಚಿನ ಆಸರೆ ಆ ಮಣ್ಣಿನದೇ. ಅದು ಹಿಡಿದಿಟ್ಟ ಮಳೆನೀರನ್ನು ಹಿಂಗಾರಿ ಜೋಳ ಆಳದಿಂದ ಎಳೆದುಕೊಳ್ಳುತ್ತದೆ. ಬಹುಪಾಲು ಎಲೆಯಿಂದ ಆವಿಯಾಗಿ ಗಾಳಿ ಸೇರುತ್ತದೆ. ಆಹಾರ ತಯಾರಿಸಲು ಒಡೆಯುವುದು ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ನನ್ನ ಮನಸ್ಸು ನಿಲ್ಲುವುದು ಆ ಪಾಲಿನ ಮೇಲೆ.

ಹಸಿರೆಲೆಯೊಂದನ್ನು ಬಿಸಿಲಿಗೆ ಹಿಡಿದು ನೋಡಿ. ನಡುನರದ ಇಕ್ಕೆಲದ ಹಸಿರಿನೊಳಗೆ 4 ಮ್ಯಾಂಗನೀಸ್, 1 ಕ್ಯಾಲ್ಸಿಯಂ ಪರಮಾಣು ಆಮ್ಲಜನಕದೊಂದಿಗೆ ಹೆಣೆದುಕೊಂಡ ಗೊಂಚಲುಗಳಿವೆ. ನೀರು ಒಡೆಯುವುದು ಅಲ್ಲೇ. ಬೆಳಕು ತಾಗಿದೊಡನೆ ಪತ್ರಹರಿತ್ತಿನಿಂದ ಒಂದು ಎಲೆಕ್ಟ್ರಾನ್ ಹೊರಟುಹೋಗುತ್ತದೆ. ಆ ಕೊರತೆಯನ್ನು ಹತ್ತಿರದ ಟೈರೋಸಿನ್ ಎಂಬ ಅಮೈನೋ ಆಮ್ಲ ತನ್ನ ಎಲೆಕ್ಟ್ರಾನ್ ಕೊಟ್ಟು ತುಂಬುತ್ತದೆ, ಕೊಡುವಾಗಲೇ ತನ್ನ ಪ್ರೋಟಾನನ್ನು ಮಗ್ಗುಲಿನ ಇನ್ನೊಂದು ಅಮೈನೋ ಆಮ್ಲ ಹಿಸ್ಟಿಡಿನ್‌ಗೆ ದಾಟಿಸುತ್ತದೆ, ಸಿವುಡು ಎತ್ತುವವಳು ಕಂಕುಳ ಕೂಸನ್ನು ನೆರೆಯವಳ ಕೈಗಿತ್ತಂತೆ. ಗೊಂಚಲಿನಿಂದ ಎಲೆಕ್ಟ್ರಾನ್ ಬಂದು ಸೇರಿದಾಗ ಆ ಪ್ರೋಟಾನ್ ಮರಳುತ್ತದೆ. ಗೊಂಚಲೂ ಹೀಗೇ ನಡೆದುಕೊಳ್ಳುತ್ತದೆ. ಅದು ಒಂದರ ಹಿಂದೊಂದು 4 ಎಲೆಕ್ಟ್ರಾನ್ ಬಿಟ್ಟುಕೊಡಬೇಕು. ಪ್ರೋಟಾನುಗಳೂ ನಡುನಡುವೆ ಹೊರಬೀಳದಿದ್ದರೆ ಧನ ವಿದ್ಯುದಂಶ ಏರಿ, ಮುಂದಿನ ಎಲೆಕ್ಟ್ರಾನನ್ನು ಕೀಳಲು ಬಿಸಿಲಿನ ಬಲವೂ ಸಾಲುತ್ತಿರಲಿಲ್ಲ. ಎಲೆಕ್ಟ್ರಾನ್, ಪ್ರೋಟಾನುಗಳ ಈ ಹೊಂದಾಣಿಕೆಯಿಂದಲೇ ನೀರಿನ 2 ಅಣು ಒಡೆದು ಆಮ್ಲಜನಕದ 1 ಅಣು ಹೊರಬರುತ್ತದೆ. 1969ರಲ್ಲಿ ವಿಜ್ಞಾನಿ ಪಿಯೇರ್ ಜೋಲಿಯೊ ಬೆಳಕಿನ ಕ್ಷಣಿಕ ಮಿಂಚುಗಳನ್ನು ಒಂದೊಂದಾಗಿ ಕೊಟ್ಟು ನೋಡಿದಾಗ ಆಮ್ಲಜನಕ ನಾಲ್ಕು ನಾಲ್ಕು ಮಿಂಚಿಗೊಮ್ಮೆ ಉಕ್ಕಿತು. ಮರುವರ್ಷ ಬೆಸ್ಸೆಲ್ ಕಾಕ್ ಅದರ ಹಂತಗಳನ್ನು ವಿವರಿಸಿದರು.

ಹೊರಬಿದ್ದ ಪ್ರೋಟಾನುಗಳೂ ದಂಡವಾಗುವುದಿಲ್ಲ. ಎಲೆಯೊಳಗಿನ ತೆಳುಪೊರೆಯ ಒಂದು ಮಗ್ಗುಲಿಗೆ ಅವು ಒಟ್ಟಾಗಿ, ತಿರುಗುವ ಕಿಣ್ವವೊಂದರ ಮೂಲಕ ಮರಳಿ ಹರಿಯುವಾಗ ಜೀವಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ತಯಾರಾಗುತ್ತದೆ. ಪೀಟರ್ ಮಿಚೆಲ್ 1961ರಲ್ಲಿ ಈ ವಿಚಾರ ಮುಂದಿಟ್ಟಾಗ ಒಪ್ಪಿದವರು ಕಡಿಮೆ. 1978ರಲ್ಲಿ ಅದಕ್ಕೇ ನೊಬೆಲ್ ಬಂತು.

ಈಗ ಬಾಯಲ್ಲಿರುವ ಸೀತನಿ ಕಾಳಿನ ಸಿಹಿಯಲ್ಲಿ ನೀರಿನಿಂದ ಹೊರಟ ಆ ಎಲೆಕ್ಟ್ರಾನುಗಳೇ ಕೂಡಿಕೊಂಡಿವೆ. ನಮ್ಮ ಜೀವಕೋಶಗಳಲ್ಲಿ ಅವು ಉಸಿರಿನ ಆಮ್ಲಜನಕವನ್ನು ಸೇರುತ್ತವೆ, ಪ್ರೋಟಾನುಗಳೂ ಬಂದು ಕೂಡುತ್ತವೆ, ಮತ್ತೆ ನೀರಾಗುತ್ತದೆ. ವಯಸ್ಕರೊಬ್ಬರ ಮೈಯಲ್ಲಿ ದಿನಕ್ಕೆ ಸುಮಾರು 300 ಮಿಲಿಲೀಟರ್ ನೀರು ಹೀಗೆ ಹುಟ್ಟುತ್ತದೆ.