ಮಂಗಳೂರಿನ ಮುತ್ತಿಗೆ

ನಮ್ಮ ಧರ್ಮಪುರದ ಸೀಮೆ ಕಡಲನ್ನು ಕಾಣದ ಸೀಮೆ. ಕೆರೆ ತುಂಬೀತೇ ಎಂದು ಮುಗಿಲು ನೋಡುವವರು ನಾವು. ನಮ್ಮ ವೇದಾವತಿಯೂ ಮಾರಿಕಣಿವೆಯಲ್ಲಿ ತಂಗಿ, ತುಂಗಭದ್ರೆಯ ಮೂಲಕ ಕೃಷ್ಣೆಯನ್ನು ಸೇರಿ ಮೂಡಣ ಸಮುದ್ರಕ್ಕೆ ಹೋಗುವಳೇ ಹೊರತು ಪಡುವಣ ಕಡಲಿಗೆ ಮುಖ ಮಾಡುವವಳಲ್ಲ. ಹೀಗಿರುವಾಗ ಪಡುವಣ ಕರಾವಳಿಯ ಬಂದರೊಂದರ ಯುದ್ಧವನ್ನು ಕುರಿತು ಇಲ್ಲಿ ಬರೆಯುವುದೇಕೆಂದು ವಾಚಕರು ಕೇಳಬಹುದು. ‘ಮಂಗಳೂರು ಒಪ್ಪಂದ, 1784’ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ಒಂದು ಅಂಕಕ್ಕಾಗಿ ಕಂಠಪಾಠ ಮಾಡುತ್ತಾರೆ. ಆ ಇಸವಿಯ ಹಿಂದೆ ಏನಿದೆ ಎಂಬುದನ್ನು ಕೇಳುವವರೂ ವಿರಳ, ಹೇಳುವವರೂ ವಿರಳ. ಆ ಕೊರತೆಯನ್ನು ಯಥಾಮತಿ ತುಂಬುವುದೇ ಈ ಬರಹದ ಉದ್ದೇಶ.

ನೇತ್ರಾವತಿ ಮತ್ತು ಗುರುಪುರ ನದಿಗಳು ಕಡಲನ್ನು ಸೇರುವ ಎಡೆಯಲ್ಲಿ ಮಂಗಳೂರು ನೆಲೆಗೊಂಡಿದೆ. ತುಳುವರು ಅದನ್ನು ಕುಡ್ಲವೆನ್ನುತ್ತಾರೆ. ಆ ಹೆಸರಿಗೆ ಸಂಗಮವೆಂದೇ ಅರ್ಥವೆಂದು ಹೇಳುವುದುಂಟು. ‘ಬಂದರು’ ಎಂಬ ನಮ್ಮ ಮಾತು ಪಾರಸೀ ಭಾಷೆಯಿಂದ ಬಂದುದು. ಆ ಪದವೇ ಈ ತೀರದ ವ್ಯಾಪಾರದ ಹಳಮೆಗೆ ಸಾಕ್ಷಿ. ಹದಿನಾಲ್ಕನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಇಬ್ನ್ ಬತೂತನು ಪಾರಸೀಕ ದೇಶದ ಮತ್ತು ಯೆಮೆನಿನ ವರ್ತಕರನ್ನು ಇಲ್ಲಿ ಕಂಡನು. ವಿಜಯನಗರದ ಅರಸರು ಬಾರಕೂರು ಮತ್ತು ಮಂಗಳೂರು ರಾಜ್ಯಗಳಿಗೆ ತಮ್ಮ ಅಧಿಕಾರಿಗಳನ್ನು ನೇಮಿಸುತ್ತಿದ್ದರು. ಕರಾವಳಿಯ ಅಕ್ಕಿ, ಮೆಣಸು ಹೊರಗೆ ಹೋಗುತ್ತಿದ್ದವು. ಅರಬ್ಬೀ ಕುದುರೆಗಳು ಒಳಗೆ ಬರುತ್ತಿದ್ದವು. ಘಟ್ಟದ ಮೇಲಿನ ಅರಸನ ಕುದುರೆಲಾಯವು ತುಂಬಬೇಕಾದರೆ ಘಟ್ಟದ ಕೆಳಗಿನ ಬಂದರು ತೆರೆದಿರಬೇಕಾಗಿತ್ತು. ಇದನ್ನು ಮನಗಂಡೇ ಹೈದರಾಲಿಯು 1763ರಲ್ಲಿ ಕೆಳದಿಯ ನಾಯಕರ ಬಿದನೂರನ್ನು ಗೆದ್ದೊಡನೆ ಮಂಗಳೂರನ್ನೂ ವಶಪಡಿಸಿಕೊಂಡು, ಅಲ್ಲಿ ಹಡಗು ಕಟ್ಟಿಸಲು ತೊಡಗಿದನು. ಸಮುದ್ರವಿಲ್ಲದ ಮೈಸೂರಿಗೆ ಅದೊಂದು ಹೆಬ್ಬಾಗಿಲಾಯಿತು.

ಈ ಕಥೆಗೆ ನಮ್ಮ ಚಿತ್ರದುರ್ಗದ ಸಂಬಂಧವೂ ಉಂಟು. 1779ರಲ್ಲಿ ಮದಕರಿನಾಯಕನ ದುರ್ಗ ಹೈದರನ ಕೈವಶವಾದ ಬಳಿಕ ಅಲ್ಲಿಯ ಅಧಿಕಾರವನ್ನು ಪಡೆದವನು ಶೇಖ್ ಅಯಾಜ್. ಮುಂದೆ ಅವನೇ ಬಿದನೂರಿನ ಅಧಿಕಾರಿಯಾದನು. 1782ರ ಡಿಸೆಂಬರ್ 7ರಂದು ಹೈದರನು ತೀರಿಕೊಂಡಾಗ ಇಂಗ್ಲಿಷರೊಡನೆ ಎರಡನೆಯ ಮೈಸೂರು ಯುದ್ಧ ನಡೆಯುತ್ತಲೇ ಇತ್ತು. ಟಿಪ್ಪುವಿಗೂ ಅಯಾಜನಿಗೂ ಸರಿಯಿರಲಿಲ್ಲ. ಬೊಂಬಾಯಿಯಿಂದ ಬಂದ ಜನರಲ್ ಮ್ಯಾಥ್ಯೂಸನ ಸೈನ್ಯವು 1783ರ ಜನವರಿಯಲ್ಲಿ ಹೊನ್ನಾವರವನ್ನು ಹಿಡಿದು, ಹೊಸಂಗಡಿ ಘಟ್ಟವನ್ನು ಹತ್ತಿ ಬಂದಾಗ, ಪ್ರಾಣಭಯದಿಂದ ಅಯಾಜನು ಬಿದನೂರನ್ನು ಹೋರಾಟವಿಲ್ಲದೆ ಒಪ್ಪಿಸಿಬಿಟ್ಟನು. ಮಾರ್ಚಿಯಲ್ಲಿ ಮಂಗಳೂರೂ ಇಂಗ್ಲಿಷರದಾಯಿತು.

ಟಿಪ್ಪು ಸುಮ್ಮನಿರಲಿಲ್ಲ. ಶೀಘ್ರವಾಗಿ ಬಂದು ಬಿದನೂರನ್ನು ಮರಳಿ ಪಡೆದು ಮ್ಯಾಥ್ಯೂಸನನ್ನು ಸೆರೆಹಿಡಿದನು. ಆ ಸೇನಾಪತಿ ಶ್ರೀರಂಗಪಟ್ಟಣದ ಸೆರೆಯಲ್ಲೇ ಮಡಿದನು. ಬಳಿಕ ಮೇ ತಿಂಗಳಲ್ಲಿ ಟಿಪ್ಪುವಿನ ದಂಡು ಘಟ್ಟವಿಳಿದು ಮಂಗಳೂರಿನ ಕೋಟೆಯನ್ನು ಮುತ್ತಿತು. ಒಳಗಿದ್ದವನು ಕರ್ನಲ್ ಕ್ಯಾಂಬೆಲ್. ಹೊರಗೆ ಮೈಸೂರಿನವರೊಡನೆ ಕೊಸಿನ್ಯಿಯ ನೇತೃತ್ವದ ಫ್ರೆಂಚ್ ತುಕಡಿಯೂ ಇತ್ತು. ಫಿರಂಗಿಗಳ ಹೊಡೆತಕ್ಕೆ ಗೋಡೆಗಳು ಬಿರಿದವು. ಲಗ್ಗೆಯ ಮೇಲೆ ಲಗ್ಗೆ ನಡೆಯಿತು. ಆದರೂ ಕೋಟೆ ಬೀಳಲಿಲ್ಲ.

ಇಲ್ಲಿ ವಾಚಕರು ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು ಮಳೆಗಾಲ. ಜೂನ್ ತಿಂಗಳಿನಿಂದ ಪಡುವಣ ಕಡಲು ಕೆರಳುತ್ತದೆ. ನದೀಮುಖದ ಮರಳದಿಣ್ಣೆಯಿಂದಾಗಿ ಹಳೆಯ ಮಂಗಳೂರು ಬಂದರಿನಲ್ಲಿ ದೊಡ್ಡ ಹಡಗುಗಳು ದೂರದಲ್ಲೇ ನಿಂತು, ದೋಣಿಗಳ ಮೂಲಕ ಸರಕನ್ನು ದಡಕ್ಕೆ ಸಾಗಿಸಬೇಕಾಗಿತ್ತು. ಅಲೆಗಳ ಅಬ್ಬರದಲ್ಲಿ ಅದು ಸಾಗದು. ಕಡಲ ಬದಿಯಲ್ಲೇ ಇದ್ದರೂ ಕೋಟೆಗೆ ಕಡಲು ಒದಗದಂತಾಯಿತು. ಎರಡನೆಯದು ದೂರದ ವಾರ್ತೆ. 1783ರ ಜನವರಿಯಲ್ಲಿಯೇ ಯೂರೋಪಿನಲ್ಲಿ ಇಂಗ್ಲಿಷರಿಗೂ ಫ್ರೆಂಚರಿಗೂ ಸಂಧಿಯ ಪ್ರಾಥಮಿಕ ಕರಾರಾಗಿತ್ತು. ಆ ಸುದ್ದಿ ಮಂಗಳೂರಿಗೆ ತಲುಪಿದ್ದು ಸುಮಾರು ಆರು ತಿಂಗಳ ಮೇಲೆ, ಜುಲೈಯಲ್ಲಿ. ಕೂಡಲೇ ಫ್ರೆಂಚರು ಹೋರಾಟದಿಂದ ಹಿಂದೆಗೆದರು. ಆಗಸ್ಟ್ 2ರಂದು ಕದನವಿರಾಮವಾಯಿತು.

ಫಿರಂಗಿಗಳು ಮೌನವಾದವು, ಹಸಿವು ಮೌನವಾಗಲಿಲ್ಲ. ಕೋಟೆಯೊಳಗಿನವರಿಗೆ ಆಹಾರ ಒದಗಿಸುವ ಷರತ್ತು ಕರಾರಿನಲ್ಲಿದ್ದರೂ, ಎಷ್ಟು, ಯಾವಾಗ, ಯಾರಿಂದ ಎಂಬುದರಲ್ಲಿಯೇ ಕಲಹ ಬೆಳೆಯಿತು. ತಾಜಾ ಆಹಾರವಿಲ್ಲದೆ ಒಸಡು ಕೊಳೆಯುವ ಸ್ಕರ್ವಿ ರೋಗ ಹರಡಿತು. ಬಂದೂಕನ್ನು ಎತ್ತಿ ಹಿಡಿಯಲೂ ಸಿಪಾಯಿಗಳಲ್ಲಿ ಶಕ್ತಿ ಉಳಿಯಲಿಲ್ಲ. ಆ ಕೋಟೆಯಲ್ಲಿ ಐರೋಪ್ಯರಿಗಿಂತ ದೇಶೀಯ ಸಿಪಾಯಿಗಳೇ ಹೆಚ್ಚಾಗಿದ್ದರು. ಒಳಗೆ ಸತ್ತವರೂ ಹೊರಗೆ ಸತ್ತವರೂ ಬಹುಮಟ್ಟಿಗೆ ಈ ನೆಲದ ಮಕ್ಕಳೇ. ಅವರ ಹೆಸರುಗಳನ್ನು ಯಾವ ಪಠ್ಯಪುಸ್ತಕವೂ ಬರೆದಿಲ್ಲ.

1784ರ ಜನವರಿ 30ರಂದು ಕ್ಯಾಂಬೆಲ್ ಕೋಟೆಯನ್ನು ಒಪ್ಪಿಸಿದನು. ಎಂಟು ತಿಂಗಳಿಗೂ ಮಿಕ್ಕ ಮುತ್ತಿಗೆ ಹೀಗೆ ಮುಗಿಯಿತು. ಉಳಿದವರನ್ನು ಸೈನಿಕ ಗೌರವದೊಡನೆ ತಲಶೇರಿಗೆ ಹೋಗಗೊಡಲಾಯಿತು. ಎರಡು ತಿಂಗಳೊಳಗೆ ಕ್ಯಾಂಬೆಲನೂ ಬೊಂಬಾಯಿಯಲ್ಲಿ ತೀರಿಕೊಂಡನು. ಮಾರ್ಚ್ 11ರಂದು ಟಿಪ್ಪುವಿಗೂ ಕಂಪನಿಯ ಪ್ರತಿನಿಧಿಗಳಿಗೂ ಒಪ್ಪಂದವಾಯಿತು. ಗೆದ್ದ ನೆಲವನ್ನು ಪರಸ್ಪರ ಹಿಂದಿರುಗಿಸುವುದು, ಸೆರೆಯಾಳುಗಳನ್ನು ಬಿಡುವುದು ಅದರ ಸಾರ. ಎಂದರೆ, ಇಷ್ಟು ಜೀವಗಳನ್ನು ತೆತ್ತ ಮೇಲೆ ಇಬ್ಬರೂ ಯುದ್ಧಕ್ಕೆ ಮುಂಚೆ ಇದ್ದಲ್ಲಿಗೇ ಬಂದು ನಿಂತರು. ಆ ಶಾಂತಿಯಾದರೂ ಬಾಳಿತೇ? 1790ರಲ್ಲಿ ಮತ್ತೆ ಯುದ್ಧ ಮೊದಲಾಯಿತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಕರಾವಳಿಯು ಕಂಪನಿಯ ಪಾಲಾಯಿತು. ಊರಿನವರಿಗಂತೂ ಒಪ್ಪಂದವೇ ಸುಖ ತರಲಿಲ್ಲ. ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಅದೇ ವರ್ಷ ಕರಾವಳಿಯ ಸಾವಿರಾರು ಕ್ಯಾಥೊಲಿಕ್ ಕ್ರೈಸ್ತರನ್ನು ಮನೆಮಠಗಳಿಂದ ಕಿತ್ತು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ದಾರಿಯಲ್ಲಿಯೂ ಸೆರೆಯಲ್ಲಿಯೂ ಅನೇಕರು ಅಳಿದರು.

ಇಂದು ಮಂಗಳೂರಿಗೆ ಹೋದವರಿಗೆ ಆ ಕೋಟೆ ಕಾಣದು. ಬೋಳೂರಿನಲ್ಲಿ ಗುರುಪುರ ನದಿಯ ದಂಡೆಯ ಮೇಲೆ, 1784ರಲ್ಲಿ ಟಿಪ್ಪು ಕಟ್ಟಿಸಿದ ಕರಿಗಲ್ಲಿನ ಸುಲ್ತಾನ್ ಬತೇರಿ ಮಾತ್ರ ನದಿಯನ್ನು ನೋಡುತ್ತ ನಿಂತಿದೆ. ದೊಡ್ಡ ಹಡಗುಗಳ ವ್ಯವಹಾರ ಪಣಂಬೂರಿನ ನವಮಂಗಳೂರು ಬಂದರಿಗೆ ಸರಿದಿದೆ. 1974ರಲ್ಲಿ ಅದು ದೇಶದ ಪ್ರಧಾನ ಬಂದರುಗಳಲ್ಲೊಂದೆಂದು ಘೋಷಿತವಾಯಿತು.

ಕನ್ನಡದ ‘ಮುತ್ತಿಗೆ’ ಎಂಬ ಪದ ‘ಮುತ್ತು’ ಎಂಬ ಧಾತುವಿನಿಂದ ಬಂದುದು: ಎಲ್ಲ ಕಡೆಯಿಂದ ಆವರಿಸುವುದೆಂದು ಅದರ ಅರ್ಥ. ಮಂಗಳೂರಿನ ಕೋಟೆಯನ್ನು ಶತ್ರು ಮುತ್ತಿದನು, ಮಳೆ ಮುತ್ತಿತು, ಕೊನೆಗೆ ಹಸಿವು ಮುತ್ತಿತು. ಗೆದ್ದುದು ಕೊನೆಯದೇ. ಬರವನ್ನು ಕಂಡ ನಮ್ಮ ಸೀಮೆಯವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಪಾಧ್ಯಾಯ ಬಂಧುಗಳು ಮುಂದೊಮ್ಮೆ ಕರಿಹಲಗೆಯ ಮೇಲೆ 1784 ಎಂದು ಬರೆಯುವಾಗ ಅರೆಗಳಿಗೆ ನಿಂತು, ಆ ನಾಲ್ಕು ಅಂಕಿಗಳ ಹಿಂದೆ ಅನ್ನವಿಲ್ಲದೆ ಸತ್ತವರನ್ನೂ ಮಕ್ಕಳಿಗೆ ನೆನಪಿಸಲಿ ಎಂಬುದು ನನ್ನ ವಿನಮ್ರ ಪ್ರಾರ್ಥನೆ.