ಬಿಸ್ಕತ್ತಿನೊಳಗಿನ ಕಬ್ಬಿಣ

ಬೆಳಿಗ್ಗೆ ಒಂಬತ್ತರ ಹೊತ್ತಿಗೆ ತಾಲ್ಲೂಕು ಕೇಂದ್ರದ ಏಜೆನ್ಸಿ ಗೋಡೌನಿನಿಂದ ಲಗೇಜ್ ಆಟೊ ಹೊರಡುತ್ತದೆ. ಹಿಂದೆ ಬಿಸ್ಕತ್ತು, ಸೋಪು, ಶಾಂಪೂ ಚೀಟಿಗಳ ರಟ್ಟಿನ ಪೆಟ್ಟಿಗೆಗಳು. ಮುಂದೆ ಡ್ರೈವರ್ ಪಕ್ಕ ಬಿಲ್ ಪುಸ್ತಕ ಹಿಡಿದ ಸೇಲ್ಸ್‌ಮನ್. ಸೋಮವಾರ ಒಂದು ಲೈನು, ಮಂಗಳವಾರ ಇನ್ನೊಂದು. ಬಸ್ಸು ದಿನಕ್ಕೆ ಎರಡೇ ಸಲ ಬರುವ ಊರಿಗೂ ಈ ಆಟೊ ವಾರಕ್ಕೊಮ್ಮೆ ತಪ್ಪದೆ ಹೋಗುತ್ತದೆ. ಹಳೆಯ ಬಾಕಿ ಎಷ್ಟು, ಯಾವ ಪೊಟ್ಟಣ ಇಲಿ ಕಡಿದಿದೆ, ಎಕ್ಸ್‌ಪೈರಿಯಾದ ಮಾಲನ್ನು ಯಾರು ವಾಪಸು ತೆಗೆದುಕೊಳ್ಳಬೇಕು, ಡಜನ್‌ಗೆ ಒಂದು ಫ್ರೀ ಸ್ಕೀಮು ಈ ತಿಂಗಳೂ ಇದೆಯೇ ಎಂಬ ಮಾತೆಲ್ಲ ಅಂಗಡಿಯ ಹಲಗೆಯ ಮೇಲೇ ತೀರ್ಮಾನವಾಗುತ್ತದೆ.

ದಿನಬಳಕೆಯ ಸರಕು ಮಾರುವ ದೊಡ್ಡ ಕಂಪನಿಗಳು ಎಂಬಿಎ ಮುಗಿಸಿ ಬಂದ ಹುಡುಗ ಹುಡುಗಿಯರನ್ನು ಮೊದಲು ಹತ್ತಿಸುವುದು ಇಂಥ ಆಟೊಗಳಿಗೇ. ಜಾಹೀರಾತು, ಬ್ರ್ಯಾಂಡು, ವಿದೇಶ ಪ್ರವಾಸ ಎಲ್ಲ ಆಮೇಲಿನ ಮಾತು. ಐದು ರೂಪಾಯಿಯ ಪೊಟ್ಟಣವನ್ನು ಆರು ರೂಪಾಯಿ ಮಾಡಿದರೆ ಕೊಳ್ಳುವವರು ಕೈ ಹಿಂದೆಗೆಯುತ್ತಾರೆ, ಆದ್ದರಿಂದ ಗೋಧಿ, ಸಕ್ಕರೆ ತುಟ್ಟಿಯಾದಾಗ ಕಂಪನಿ ಬೆಲೆಯನ್ನು ಹಾಗೇ ಬಿಟ್ಟು ಒಳಗಿನ ತೂಕ ಇಳಿಸುತ್ತದೆ ಎಂಬ ಲೆಕ್ಕ ಅವರಿಗೆ ಮನದಟ್ಟಾಗುವುದು ಅಲ್ಲಿ. ಮಗು ಮುಷ್ಟಿಯಲ್ಲಿ ಹಿಡಿದು ತಂದ ನಾಣ್ಯ ಬೆಳೆಯುವುದಿಲ್ಲವಲ್ಲ.

ಈ ದಾರಿಯಲ್ಲಿ ನಡೆದು ತುಂಬ ದೂರ ಹೋಗಿ ಬಂದವರಲ್ಲಿ ವಿನೀತಾ ಬಾಲಿ ಒಬ್ಬರು. ದೆಹಲಿಯ ಲೇಡಿ ಶ್ರೀರಾಮ್ ಕಾಲೇಜಿನಲ್ಲಿ ಅರ್ಥಶಾಸ್ತ್ರ, ಮುಂಬೈಯ ಜಮನಾಲಾಲ್ ಬಜಾಜ್ ಸಂಸ್ಥೆಯಲ್ಲಿ ಎಂಬಿಎ ಓದಿದ ಅವರಿಗೆ ಆರಂಭದ ಕೆಲಸ ಸಿಕ್ಕಿದ್ದು ವೋಲ್ಟಾಸ್‌ನಲ್ಲಿ. ಇಂದು ಏರ್ ಕಂಡಿಷನರಿಗೆ ಹೆಸರಾಗಿರುವ ಆ ಕಂಪನಿ ಆಗ ಬೇರೆಯವರ ಸರಕುಗಳನ್ನೂ ಹಂಚುತ್ತಿತ್ತು. ಅಹಮದಾಬಾದಿನ ಅರೀಜ್ ಖಂಬಾಟ ಅವರ ಕಾರ್ಖಾನೆಯ ರಸ್ನಾ ಅದರಲ್ಲೊಂದು. ಅದನ್ನು ಮಾರುಕಟ್ಟೆಗೆ ತಂದ ತಂಡದಲ್ಲಿ ಬಾಲಿ ಇದ್ದರು.

ಆ ಕಾಲವನ್ನು ನೆನೆಯಬೇಕು. 1977ರಲ್ಲಿ ಕೋಕಾ-ಕೋಲಾ ಭಾರತ ಬಿಟ್ಟು ಹೋಗಿತ್ತು. ವಿದೇಶಿ ಪಾಲನ್ನು ಇಳಿಸಿ ಎಂದು ಪಟ್ಟು ಹಿಡಿದ ಕೈಗಾರಿಕಾ ಸಚಿವರು ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ತೆರವಾದ ಜಾಗಕ್ಕೆ ಬಾಟಲಿಯ ಪಾನೀಯಗಳು ಒಂದೊಂದಾಗಿ ಬಂದವು. ಆದರೆ ಬಾಟಲಿ ಕೊಳ್ಳುವ ಶಕ್ತಿ ಎಷ್ಟು ಮನೆಗಳಿಗಿತ್ತು? ರಸ್ನಾ ಹಿಡಿದದ್ದು ಉಳಿದ ಮನೆಗಳನ್ನು. ಚಿಕ್ಕ ಪೆಟ್ಟಿಗೆಯಲ್ಲಿ ಒಂದು ಪುಡಿ, ಒಂದು ಪುಟ್ಟ ಸೀಸೆ. ಸಕ್ಕರೆ, ನೀರು ಮನೆಯವರದೇ. ಏಪ್ರಿಲ್ ರಜೆಗೆ ಅತ್ತೆಯ ಮಕ್ಕಳು ಬರುವ ಹಿಂದಿನ ದಿನ ಅಮ್ಮ ಸಕ್ಕರೆ ಕರಗಿಸಿ, ಆರಿಸಿ, ಬಣ್ಣ ಬೆರೆಸಿ ಸ್ಕ್ವಾಷ್ ಬಾಟಲಿಗೆ ತುಂಬಿಡುತ್ತಿದ್ದಳು. ಎಷ್ಟು ಜನ ಬಂದರೂ ಮಡಕೆಯ ನೀರು ಸೇರಿಸಿ ಎಲ್ಲರಿಗೂ ಲೋಟ ತುಂಬಿಸುವ ಧೈರ್ಯ ಅವಳಿಗಿತ್ತು. ಬಂದವರಿಗೆ ತಣ್ಣಗಿನದೇನಾದರೂ ಕೊಡಬೇಕೆಂಬ ಗೃಹಿಣಿಯ ಆಸೆಯನ್ನು ಅವಳ ಕೈಗೆಟುಕುವ ಬೆಲೆಗೆ ಇಳಿಸಿದ್ದರಲ್ಲಿ ಈ ವೃತ್ತಿಯ ಒಳ್ಳೆಯ ಮುಖ ನನಗೆ ಕಾಣುತ್ತದೆ.

1980ರಲ್ಲಿ ಬಾಲಿ ಕ್ಯಾಡ್ಬರಿ ಸೇರಿದರು. ಹದಿನಾಲ್ಕು ವರ್ಷ ಅಲ್ಲೇ. ಭಾರತ, ಬ್ರಿಟನ್, ನೈಜೀರಿಯಾ, ದಕ್ಷಿಣ ಆಫ್ರಿಕಾ ಸುತ್ತಿದರು. 1994ರಲ್ಲಿ ಅವರನ್ನು ಕರೆದದ್ದು ಕೋಕಾ-ಕೋಲಾ. ಆ ಕಂಪನಿ ಬಿಟ್ಟು ಹೋದ ಜಾಗದಲ್ಲಿ ಪುಡಿಯ ಪಾನೀಯ ಮಾರಿ ಕೆಲಸ ಕಲಿತವರು ಈಗ ಅದರದೇ ಜಾಗತಿಕ ಮಾರ್ಕೆಟಿಂಗ್ ನಿರ್ದೇಶಕರು. ಆಮೇಲೆ ಲ್ಯಾಟಿನ್ ಅಮೆರಿಕ, ಆಂಡಿಸ್ ಪರ್ವತಸಾಲಿನ ದೇಶಗಳ ವಿಭಾಗದ ಅಧ್ಯಕ್ಷತೆ, ಕಂಪನಿಯ ಕಾರ್ಯತಂತ್ರದ ಹೊಣೆ, ಕೊನೆಗೆ ಅಟ್ಲಾಂಟಾದ ಒಂದು ಸಲಹಾ ಸಂಸ್ಥೆ. ಈ ಭಾಗ ಇಷ್ಟು ಸಾಕು. ಪದವಿಗಳ ಪಟ್ಟಿಗಿಂತ ನನಗೆ ಮುಖ್ಯವಾದದ್ದು 2005ರ ಜನವರಿ.

ಆ ತಿಂಗಳು ಅವರು ಬ್ರಿಟಾನಿಯಾದ ಮುಖ್ಯಸ್ಥರಾಗಿ ಬೆಂಗಳೂರಿಗೆ ಬಂದರು. 1892ರಲ್ಲಿ ಕೋಲ್ಕತ್ತದಲ್ಲಿ 295 ರೂಪಾಯಿ ಬಂಡವಾಳದಲ್ಲಿ ಹುಟ್ಟಿದ ಕಂಪನಿ. ಆಡಳಿತ ಕಚೇರಿ ಮಾತ್ರ ನಮ್ಮ ಊರಲ್ಲಿ. ಒಂಬತ್ತು ವರ್ಷ ಅವರು ನಡೆಸಿದರು. 2014ರ ಮಾರ್ಚಿನಲ್ಲಿ ಬಿಟ್ಟು ಹೊರಡುವಾಗ ವಹಿವಾಟು ಬಂದಾಗಿನ ಮೂರು ಪಟ್ಟಿಗೂ ಮೀರಿ ಬೆಳೆದಿತ್ತು. ಷೇರುಪೇಟೆಯ ಪುಟಗಳಲ್ಲಿ ಅದು ಬೇಕಾದಷ್ಟು ಬಂದಿದೆ.

ಆ ಪುಟಗಳಲ್ಲಿ ಹೆಚ್ಚು ಕಾಣದ ಕೆಲಸ ಟೈಗರ್ ಬಿಸ್ಕತ್ತಿನದು. 1997ರಲ್ಲಿ ಬಂದ ಈ ಗ್ಲೂಕೋಸ್ ಬಿಸ್ಕತ್ತು ಕಡಿಮೆ ಆದಾಯದ ಮನೆಗಳ ಮಕ್ಕಳ ತಿಂಡಿ. ಬಾಲಿ ಭಾರತಕ್ಕೆ ಮರಳಿದ ಹೊತ್ತಿಗೆ, 2005–06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಐದು ವರ್ಷದೊಳಗಿನ 100 ಮಕ್ಕಳಲ್ಲಿ ಸುಮಾರು 70 ಮಕ್ಕಳಿಗೆ ರಕ್ತಹೀನತೆ ಇದೆ ಎಂದು ತೋರಿಸಿತು. ಕಣ್ಣಿನ ಕೆಳರೆಪ್ಪೆ ಎಳೆದರೆ ಬಿಳಿಚು, ಆಟದಲ್ಲಿ ಬೇಗ ಸುಸ್ತು, ಪಾಠದಲ್ಲಿ ತೂಕಡಿಕೆ. ಕಬ್ಬಿಣಾಂಶದ ಮಾತ್ರೆಯನ್ನು ಕೈಗಿಟ್ಟರೆ ನುಂಗುವ ಮಕ್ಕಳು ಕಡಿಮೆ. ಹೊಟ್ಟೆ ತೊಳಸುತ್ತದೆಂದು ಕಿಟಕಿಯಾಚೆ ಎಸೆಯುವವರನ್ನು ಮೇಷ್ಟ್ರುಗಳೆಲ್ಲ ಬಲ್ಲರು. ಬಿಸ್ಕತ್ತನ್ನಾದರೆ ಯಾರೂ ಎಸೆಯುವುದಿಲ್ಲ.

ಟೈಗರ್‌ಗೆ ಕಬ್ಬಿಣಾಂಶ ಬೆರೆಸಲು ಬ್ರಿಟಾನಿಯಾ ನಿರ್ಧರಿಸಿತು. ಕೇಳುವಾಗ ಸುಲಭ. ಆದರೆ ಕಬ್ಬಿಣದ ಲವಣ ಕೊಬ್ಬಿನೊಡನೆ ಸೇರಿದರೆ ಬಿಸ್ಕತ್ತು ಬೇಗ ಮುಗ್ಗುತ್ತದೆ, ನಾಲಿಗೆಗೆ ಲೋಹದ ರುಚಿ ಹತ್ತುತ್ತದೆ, ಬಣ್ಣ ಕಂದುತ್ತದೆ. ರುಚಿ ಕೆಟ್ಟರೆ ಮಗು ಮರುದಿನ ಪಕ್ಕದ ಪೊಟ್ಟಣಕ್ಕೆ ಕೈ ಹಾಕುತ್ತದೆ, ಬೆಲೆ ಏರಿಸಿದರೂ ಅದೇ ಕಥೆ. ಇವೆರಡರ ನಡುವೆ ದಾರಿ ಮಾಡಿಕೊಂಡು ಬಿಸ್ಕತ್ತು ಅಂಗಡಿಗೆ ಬಂತು. ಹೈದರಾಬಾದಿನಲ್ಲಿ ನಾಂದಿ ಫೌಂಡೇಷನ್ ಬಡಿಸುತ್ತಿದ್ದ ಶಾಲಾ ಬಿಸಿಯೂಟದ ಜೊತೆಗೂ ಹೋಯಿತು. 2009ರಲ್ಲಿ ಬ್ರಿಟಾನಿಯಾ ನ್ಯೂಟ್ರಿಷನ್ ಫೌಂಡೇಷನ್ ಹುಟ್ಟಿತು. 2012ರಲ್ಲಿ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಬಾನ್ ಕಿ-ಮೂನ್ ಅಪೌಷ್ಟಿಕತೆಯ ವಿರುದ್ಧದ ಜಾಗತಿಕ ಆಂದೋಲನಕ್ಕೆ ಆರಿಸಿದ ನಾಯಕರ ತಂಡದಲ್ಲಿ ಬಾಲಿ ಇದ್ದರು. ಚಾಕೊಲೇಟು, ಕೋಲಾ ಮಾರಿದವರಿಗೆ ಆ ಪಂಕ್ತಿಯಲ್ಲಿ ಎಲೆ ಹಾಕಿದ್ದು ಯಾಕೆಂದು ಕೆಲವರು ಕೇಳಿಯಾರು. ನನಗಂತೂ ಅದು ಸರಿಯೆನಿಸಿತು. ಹಳ್ಳಿಯ ಕೊನೆಯ ಅಂಗಡಿಯ ತನಕ ಒಂದು ವಸ್ತುವನ್ನು ವಾರವಾರವೂ ಕೆಡದಂತೆ, ಕೈಗೆಟುಕುವ ಬೆಲೆಗೆ ಮುಟ್ಟಿಸುವ ವಿದ್ಯೆ ಪೌಷ್ಟಿಕಾಂಶ ತಜ್ಞರ ಬಳಿ ಇಲ್ಲ. ಅದು ಆಟೊ ಹತ್ತಿದವರ ಬಳಿ ಇದೆ.

ಹಾಗೆಂದು ಬಿಸ್ಕತ್ತನ್ನು ಔಷಧಿಯೆಂದು ಹೊಗಳಲು ನನ್ನ ಮನಸ್ಸು ಒಪ್ಪುವುದಿಲ್ಲ. ಅದು ಮೈದಾ, ಸಕ್ಕರೆ, ಎಣ್ಣೆ. ಸ್ವಲ್ಪ ಕಬ್ಬಿಣ ಬೆರೆತರೂ ಮೈದಾ ಮೈದಾವೇ. 2019–21ರ ಅದೇ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಕ್ತಹೀನ ಮಕ್ಕಳ ಪ್ರಮಾಣ ಶೇ 67.1. ಹದಿನೈದು ವರ್ಷಗಳಲ್ಲಿ ಹೆಚ್ಚೇನೂ ಬದಲಾಗಿಲ್ಲ. ಮಗುವಿಗೆ ಬೇಕಾದದ್ದು ಮೊಟ್ಟೆ, ಸೊಪ್ಪು, ಬೇಳೆ, ಹಾಲು, ರಾಗಿ. ಆ ಲಗೇಜ್ ಆಟೊದಲ್ಲಿ ನುಗ್ಗೆಸೊಪ್ಪು ಇರುವುದಿಲ್ಲ. ಅದರ ಮಾರಾಟದ ಹಿಂದೆ ಮೂವತ್ತು ವರ್ಷ ಓಡಾಡುವ ಅಧಿಕಾರಿಯೂ ಇಲ್ಲ, ಅಂಗಡಿಯವನಿಗೆ ಸ್ಕೀಮೂ ಇಲ್ಲ.

ಇಂಥ ಆಹಾರವನ್ನು ಹೀಗೆ ಮನೆಮನೆಗೆ ಮುಟ್ಟಿಸುವುದು ಆಗದ ಕೆಲಸವೇನಲ್ಲ. 1982ರಲ್ಲಿ ಬಿ.ವಿ. ರಾವ್ ಅವರ ಮುಂದಾಳತ್ವದಲ್ಲಿ ಕೋಳಿ ಸಾಕಣೆದಾರರು ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ ಕಟ್ಟಿಕೊಂಡರು. ಬಿಸ್ಕತ್ತು ಕಂಪನಿಗಳಂತೆಯೇ ಟಿವಿಯಲ್ಲಿ ಮೊಟ್ಟೆಯ ಜಾಹೀರಾತು ಕೊಟ್ಟರು, ದಿನದ ಬೆಲೆ ತಾವೇ ಪ್ರಕಟಿಸಿದರು. ನಮ್ಮಲ್ಲಿ ಕೆಎಂಎಫ್ ಹಳ್ಳಿಯ ಡೇರಿಯಿಂದ ನಗರದ ಬೂತಿನವರೆಗೆ ನಂದಿನಿ ಹಾಲಿಗೆ ದಾರಿ ಮಾಡಿತು. ಅದು ಗಟ್ಟಿಯಾಗಿದ್ದುದರಿಂದಲೇ 2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯ ಶುರುವಾದಾಗ ಹಾಲಿನ ಪುಡಿ ರಾಜ್ಯದ ಸರ್ಕಾರಿ ಶಾಲೆಗಳಿಗೂ ಅಂಗನವಾಡಿಗಳಿಗೂ ತಲುಪಿತು. ಆಮೇಲೆ ಅದೇ ಲೋಟಕ್ಕೆ ರಾಗಿ ಮಾಲ್ಟ್ ಸೇರಿತು.

ಬ್ರಿಟಾನಿಯಾ ಬಿಟ್ಟ ಮೇಲೆ ಬಾಲಿ ಜಿನೀವಾದ ಗೇನ್ ಸಂಸ್ಥೆಯ ಮಂಡಳಿಯ ಅಧ್ಯಕ್ಷತೆ ವಹಿಸಿದರು. ಹಿಟ್ಟು, ಎಣ್ಣೆ, ಉಪ್ಪಿನಂಥ ನಿತ್ಯದ ಆಹಾರದಲ್ಲಿ ಪೋಷಕಾಂಶ ಸೇರಿಸಿ ಬಡವರಿಗೆ ಮುಟ್ಟಿಸುವುದು ಆ ಸಂಸ್ಥೆಯ ಕೆಲಸ. ಅಲ್ಲಿಯೂ ಮೇಜಿನ ಮೇಲೆ ಬರುವ ಪ್ರಶ್ನೆಗಳು ತಾಲ್ಲೂಕು ಏಜೆನ್ಸಿಯವನಿಗೆ ಗೊತ್ತಿರುವವೇ: ಪೊಟ್ಟಣ ಎಷ್ಟು ಗ್ರಾಮಿನದು, ಬೆಲೆ ಎಷ್ಟು, ಎಷ್ಟು ದಿನ ಕೆಡದೆ ಇರುತ್ತದೆ, ಮುಂದಿನ ವಾರವೂ ಆ ಮನೆಯವರು ಕೇಳಿಕೊಂಡು ಬರುತ್ತಾರೆಯೇ.